ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಗಂಟು ಎದ್ದದ್ದು ತೊಡೆಸಂದಿಯಲ್ಲಿ

[ತೆರೆಯಲ್ಲಿ: ಬದಿಯಡ್ಕದ ಕಡೆಯ ಕಂಗಿನ ತೋಟ, ಎರಡು ಸಾಲಿನ ನಡುವೆ ಕಣಿ]

ನಮಸ್ಕಾರ. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟಕ್ಕಿಳಿದು ಮುಳ್ಳು ಚುಚ್ಚಿಸಿಕೊಂಡವರಿಗೆ ಇದು ಗೊತ್ತು. ಗಾಯ ಅಂಗಾಲಲ್ಲಿ, ಕೆಲವು ದಿನಕ್ಕೆ ನೋಯುವ ಗಂಟು ತೊಡೆಸಂದಿಯಲ್ಲಿ. ಆ ಗಂಟು ದುಗ್ಧಗ್ರಂಥಿ. ರೋಗಾಣುವನ್ನು ಗುರುತಿಸಿ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಕಾದಿರುವುದು ಅಲ್ಲಿ.

ಟಿ ಕೋಶಕ್ಕೆ ಇಡೀ ಬ್ಯಾಕ್ಟೀರಿಯಾ ಕಾಣಿಸುವುದೇ ಇಲ್ಲ. ಯಾರಾದರೂ ಅದನ್ನು ಕತ್ತರಿಸಿ, ಒಂದು ಚೂರನ್ನು ಎಂಎಚ್‌ಸಿ ಪ್ರೋಟೀನಿನಲ್ಲಿಟ್ಟು ತೋರಿಸಬೇಕು. ಎಂಎಚ್‌ಸಿಯ ಆಕಾರ ತೋಟದ್ದೇ: ಎರಡು ಬದಿಗೆ ಏರಿ, ನಡುವೆ ಕಣಿ. ತೋರಿಸುವುದರಲ್ಲಿ ಎಲ್ಲರಿಗಿಂತ ಸಮರ್ಥ ಡೆಂಡ್ರೈಟಿಕ್ ಕೋಶ. 1973ರಲ್ಲಿ ವಿಜ್ಞಾನಿಗಳಾದ ಸ್ಟೈನ್‌ಮನ್ ಮತ್ತು ಕೋನ್ ವಿವರಿಸಿದ್ದು.

[ಅನಿಮೇಷನ್: ಕೋಶದೊಳಗಿನ ಚೀಲ]

ಅದು ಬ್ಯಾಕ್ಟೀರಿಯಾವನ್ನು ನುಂಗಿ, ಹುಳಿ ಚೀಲದೊಳಗೆ ಕಿಣ್ವಗಳಿಂದ ಚೂರು ಮಾಡುತ್ತದೆ. ಅತ್ತ, ಹೊಸದಾಗಿ ತಯಾರಾದ ಎರಡನೇ ವರ್ಗದ ಎಂಎಚ್‌ಸಿಯ ಕಣಿಗೆ ಇನ್‌ವೇರಿಯಂಟ್ ಚೈನ್ ಎಂಬ ಪ್ರೋಟೀನು ಕಟ್ಟ ಹಾಕಿರುತ್ತದೆ, ದಾರಿಯಲ್ಲಿ ಸಿಕ್ಕಿದ ಚೂರೆಲ್ಲ ಬಂದು ಕೂರದಿರಲಿ ಎಂದು. ಚೀಲ ಸೇರಿದ ಮೇಲೆ ಕಿಣ್ವಗಳು ಆ ಕಟ್ಟವನ್ನು ಕೊಯ್ಯುತ್ತವೆ. ಕ್ಲಿಪ್ ಎಂಬ ತುಣುಕೊಂದು ಉಳಿಯುತ್ತದೆ. ಅದನ್ನು ಬಿಡಿಸಿ, ಗಟ್ಟಿಯಾಗಿ ಕೂರುವ ಚೂರಿಗೆ ಜಾಗ ಮಾಡಿಕೊಡುವ ಪ್ರೋಟೀನು ಎಚ್‌ಎಲ್‌ಎ-ಡಿಎಂ. ಡಿಎಂ ಕೆಟ್ಟರೆ ಕೋಶದ ಮೈತುಂಬ ಕ್ಲಿಪ್ಪೇ; ಬೇರೆ ಚೂರು ತೋರಿಸುವುದು ತೀರಾ ಕಡಿಮೆಯಾಗುತ್ತದೆ. ಈ ಕಣಿಯ ತುದಿಗಳು ತೆರೆದಿವೆ, ಹಾಗಾಗಿ 13ರಿಂದ 25 ಅಮೈನೋ ಆಮ್ಲಗಳ ಉದ್ದದ ಚೂರೂ ಹಿಡಿಸುತ್ತದೆ. ನೋಡುವವರು ಮೈಮೇಲೆ ಸಿಡಿ4 ಎಂಬ ಪ್ರೋಟೀನಿರುವ ಟಿ ಕೋಶಗಳು.

ವೈರಸ್ಸಿನ ಲೆಕ್ಕ ಬೇರೆ. ಅದರ ಪ್ರೋಟೀನು ಕೋಶದೊಳಗೇ ತಯಾರಾಗುತ್ತದೆ. ಪ್ರೋಟಿಯಾಸೋಮ್ ಎಂಬ ಪ್ರೋಟೀನು ಕತ್ತರಿಸುವ ಯಂತ್ರ ಅದನ್ನು ತುಂಡರಿಸುತ್ತದೆ, ಟ್ಯಾಪ್ ಎಂಬ ಬಾಗಿಲು ದಾಟಿ ಮೊದಲ ವರ್ಗದ ಎಂಎಚ್‌ಸಿಗೆ ಹೋಗುತ್ತದೆ. ಇಲ್ಲಿ ತುದಿ ಮುಚ್ಚಿದೆ, 8ರಿಂದ 10 ಅಮೈನೋ ಆಮ್ಲಕ್ಕಷ್ಟೇ ಜಾಗ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಆ ಬಾಗಿಲಿಗೇ ಅಡ್ಡ ನಿಂತು ತಪ್ಪಿಸಿಕೊಳ್ಳುತ್ತದೆ. ಮೊದಲ ವರ್ಗವನ್ನು ನೋಡುವವರು ಸಿಡಿ8 ಇರುವ ಟಿ ಕೋಶಗಳು. ಪ್ಲಸ್ ಟು ಮಕ್ಕಳು ಅದಲುಬದಲು ಮಾಡುವುದು ಇಲ್ಲೇ. ಮಗ್ಗಿ ಹೇಳಿಕೊಳ್ಳಿ: ನಾಲ್ಕೆರಡ್ಲಿ ಎಂಟು, ಎಂಟೊಂದ್ಲಿ ಎಂಟು. ಸಿಡಿ4ಕ್ಕೆ ಎರಡನೇ ವರ್ಗ, ಸಿಡಿ8ಕ್ಕೆ ಮೊದಲನೆಯದು.

[ತೆರೆಯಲ್ಲಿ: ಕಾಲಿನಿಂದ ಮೇಲೇರುವ ದುಗ್ಧನಾಳ]

ಚೂರು ಹೊತ್ತ ಡೆಂಡ್ರೈಟಿಕ್ ಕೋಶ ಸಿಸಿಆರ್7 ಗ್ರಾಹಕದ ನೆರವಿನಿಂದ ಗ್ರಂಥಿ ಸೇರುತ್ತದೆ. ಚೂರು ತೋರಿಸಿದ ಮಾತ್ರಕ್ಕೆ ಹೊಸ ಟಿ ಕೋಶ ಏಳುವುದಿಲ್ಲ. ಡೆಂಡ್ರೈಟಿಕ್ ಕೋಶದ ಮೈಮೇಲಿನ ಸಿಡಿ80, ಸಿಡಿ86 ಪ್ರೋಟೀನುಗಳು ಟಿ ಕೋಶದ ಸಿಡಿ28 ಅನ್ನು ಮುಟ್ಟಬೇಕು; ಇದು ಎರಡನೆಯ ಸಂಕೇತ. ರೋಗಾಣುವಿನ ಸುಳಿವು ಸಿಕ್ಕಿದಾಗಲೇ ಸಿಡಿ80, ಸಿಡಿ86 ಹೆಚ್ಚುವುದು. ಎರಡನೆಯ ಸಂಕೇತವಿಲ್ಲದೆ ಮೊದಲನೆಯದಷ್ಟೇ ಬಂದರೆ ಟಿ ಕೋಶ ಜಡವಾಗುತ್ತದೆ, ಆಮೇಲೆ ಸರಿಯಾಗಿ ತೋರಿಸಿದರೂ ಏಳುವುದು ಕಷ್ಟ. ನಮ್ಮದೇ ಪ್ರೋಟೀನಿನ ಮೇಲೆ ಅದು ಬೀಳದಂತೆ ಕಾಯುವ ಏರ್ಪಾಡುಗಳಲ್ಲಿ ಇದೂ ಒಂದು. ಶುದ್ಧ ಪ್ರೋಟೀನಿನ ಹೆಪಟೈಟಿಸ್ ಬಿ ಲಸಿಕೆಗೆ ಅಲ್ಯೂಮಿನಿಯಂ ಲವಣ ಬೆರೆಸುವುದೂ ಇದಕ್ಕೇ, ಡೆಂಡ್ರೈಟಿಕ್ ಕೋಶವನ್ನು ಎಬ್ಬಿಸಲು.