ತಡ ಆದರೆ ಎಷ್ಟು ತಡ?

ಕೇಳುಗರಿಗೆ ನಮಸ್ಕಾರ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಎಂಸ್ಲೀಪ್ ಅನ್ನುವ ಕರೆಯಲ್ಲಿ "ಒಂದು ಮಿಲಿಸೆಕೆಂಡು ಮಲಗು" ಅಂತ ಹೇಳಿ ನೋಡಿ, ಕೆಲವು ಯಂತ್ರಗಳಲ್ಲಿ ಅದು 20 ಮಿಲಿಸೆಕೆಂಡು ಮಲಗಿಬಿಡುತ್ತದೆ. ಇದು ಸೋಮಾರಿತನ ಅಲ್ಲ. ಅದರ ಹಳೇ ಟೈಮರ್‌ಗಳು ಎಣಿಸುವುದು ಟಿಕ್‌ಗಳನ್ನು, ಅಂದರೆ ಸಮ ಅಂತರದಲ್ಲಿ ಬೀಳುವ ಗಡಿಯಾರದ ಬಡಿತಗಳನ್ನು. ಸೆಕೆಂಡಿಗೆ 100 ಟಿಕ್ ಅಂತ ಇಟ್ಟಿದ್ದರೆ ಒಂದು ಟಿಕ್ ಅಂದರೆ 10 ಮಿಲಿಸೆಕೆಂಡು. ನೀವು ಕೇಳಿದ ಹೊತ್ತಿಗೆ ನಡೆಯುತ್ತಿರುವ ಟಿಕ್ ಮುಕ್ಕಾಲು ಮುಗಿದಿರಬಹುದು, ಹಾಗಾಗಿ ಇನ್ನೊಂದು ಟಿಕ್ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ತಡ ಆಗಬಹುದು, ಬೇಗ ಮಾತ್ರ ಆಗಬಾರದು.

2006ರಲ್ಲಿ ನ್ಯಾನೋಸೆಕೆಂಡು ಲೆಕ್ಕದ ಹೈ ರೆಸಲ್ಯೂಷನ್ ಟೈಮರ್‌ಗಳು ಬಂದವು. ಸಮಸ್ಯೆ ಮುಗಿಯಿತು ಅಂದುಕೊಂಡರೆ ಇನ್ನೊಂದು ಶುರು. ಪ್ರತಿ ಟೈಮರ್ ಸರಿಯಾದ ಹೊತ್ತಿಗೇ ಹೊಡೆದರೆ, ನಿದ್ದೆಯಲ್ಲಿರುವ ಪ್ರೊಸೆಸರ್ ಪ್ರತಿಯೊಂದಕ್ಕೂ ಏಳಬೇಕು, ಬ್ಯಾಟರಿ ಕರಗುತ್ತದೆ. ಮೊದಲು ಉಪ್ಪಿಗೆ, ಬಂದ ಮೇಲೆ ಸೋಪಿಗೆ, ಆಮೇಲೆ ಬೆಂಕಿಪೊಟ್ಟಣಕ್ಕೆ ಅಂತ ಮಗುವನ್ನು ಮೂರು ಸಲ ಅಂಗಡಿಗೆ ಓಡಿಸಿದ ಹಾಗೆ. "ಸೋಪು ಸಂಜೆಯೊಳಗೆ ಸಿಕ್ಕರೆ ಸಾಕು" ಅಂತ ಮೊದಲೇ ಹೇಳಿದ್ದರೆ ಒಂದೇ ಸಲ ಸಾಕಿತ್ತು, ಅಲ್ವಾ?

ಹಾಗೆ ಹೇಳುವುದಕ್ಕೇ 2010ರಲ್ಲಿ ಯುಸ್ಲೀಪ್‌ ರೇಂಜ್ ಅನ್ನುವ ಹೊಸ ಕರೆ ಬಂತು. ಅದಕ್ಕೆ ಎರಡು ಅಂಕಿ ಕೊಡಬೇಕು: ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು. ಕರ್ನಲ್ ಕೊನೆಯ ಗಡುವಿಗೆ ಟೈಮರ್ ಇಡುತ್ತದೆ, ನಡುವೆ ಬೇರೆ ಯಾವುದೋ ಟೈಮರ್‌ಗೆ ಎದ್ದರೆ ನಿಮ್ಮ ಕೆಲಸವನ್ನೂ ಆಗಲೇ ಮುಗಿಸುತ್ತದೆ. ಎರಡೂ ಕಡೆ ಒಂದೇ ಅಂಕಿ ಬರೆಯುವವರೂ ಇದ್ದಾರೆ, ಸೌಲಭ್ಯ ಕೊಟ್ಟಿದ್ದೇ ವ್ಯರ್ಥ! ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂನ 10ನೇ ಆವೃತ್ತಿಯಲ್ಲೂ ಟೈಮರ್ ಇಡುವಾಗ ನಿಖರತೆಯನ್ನು ಬೇರೆಯೇ ಹೇಳಬಹುದು. ನನಗೆ ಇದೇ ಪದ್ಧತಿ ಇಷ್ಟ, ಎಷ್ಟು ತಡ ಆದರೂ ಪರವಾಗಿಲ್ಲ ಅನ್ನುವುದು ಕೋಡ್ ಬರೆದವರಿಗೇ ತಾನೇ ಗೊತ್ತು. ಏನೂ ಹೇಳದೆ ಸುಮ್ಮನಿದ್ದರೆ ಲಿನಕ್ಸ್ ಸಾಮಾನ್ಯ ಪ್ರೋಗ್ರಾಮ್‌ಗಳಿಗೆ ತಾನೇ 50 ಮೈಕ್ರೋಸೆಕೆಂಡಿನ ಸಡಿಲ ಕೊಟ್ಟುಕೊಳ್ಳುತ್ತದೆ.

ಇನ್ನು ಟೈಮ್‌ಔಟ್‌ಗಳ ಕಥೆಯೇ ಬೇರೆ. ಉತ್ತರ ಬಾರದಿದ್ದರೆ ಇರಲಿ ಅಂತ ಇಡುವ ಟೈಮರ್‌ಗಳು ಅವು, ಉತ್ತರ ಸಾಮಾನ್ಯವಾಗಿ ಬಂದೇ ಬರುತ್ತದೆ, ಟೈಮರ್ ಹೊಡೆಯುವ ಮೊದಲೇ ರದ್ದಾಗುತ್ತದೆ. ಅದಕ್ಕೇ 2016ರಲ್ಲಿ, ಲಿನಕ್ಸ್‌ನ 4.8ನೇ ಆವೃತ್ತಿಯಲ್ಲಿ, ಕರ್ನಲ್ ಬರೆಯುವವರಲ್ಲೊಬ್ಬರಾದ ಥಾಮಸ್ ಗ್ಲೈಕ್ಸ್‌ನರ್ ಈ ಟೈಮರ್‌ಗಳನ್ನು ಜೋಡಿಸಿಡುವ ಚಕ್ರ ಅನ್ನುವ ವ್ಯವಸ್ಥೆಯನ್ನು ಹೊಸದಾಗಿ ಬರೆದಾಗ, ದೂರದ ಟೈಮ್‌ಔಟ್‌ಗಳು ಶೇಕಡಾ 12.5ರವರೆಗೆ ತಡವಾಗಲಿ ಅಂತ ಬಿಟ್ಟುಬಿಟ್ಟರು. ಕೇಬಲ್ ಕಿತ್ತುಹೋದ ಸರ್ವರ್‌ನಿಂದ ಉತ್ತರ ಬರಲಿ ಅಂತ 30 ಸೆಕೆಂಡು ಕಾಯುವವರಿಗೆ 33 ಆದರೂ ಗೊತ್ತಾಗುವುದಿಲ್ಲ.