ನಾಣ್ಯ ತೆಗೆದಿಡಿ, ಬೇರಿಂಗ್ ಬಿಚ್ಚಿ ನೋಡೋಣ

ನಮಸ್ಕಾರ. ಹಳೆಯ ಮರಗೆಲಸದ ಯಂತ್ರಗಳ ವಿಡಿಯೋ ನೋಡುವವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಗರಗಸದ ಮೇಜಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಮೋಟಾರು ಹಾಕುತ್ತಾರೆ. ನಾಣ್ಯ ಅಲುಗಾಡುವುದಿಲ್ಲ. ಹೊಸ ಯಂತ್ರದ ಮೇಲೆ ಇಡುತ್ತಾರೆ, ಬೀಳುತ್ತದೆ. ಅಲ್ಲಿಗೆ ತೀರ್ಪು ಮುಗಿಯಿತು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಹಳೆಯ ಯಂತ್ರಗಳೆಂದರೆ ಜೀವ ಬಿಡುವವನು ನಾನು, ಆದರೂ ಹೇಳುತ್ತಿದ್ದೇನೆ.

ನಾಣ್ಯ ನಿಂತರೆ ಪುಲ್ಲಿ ಸಮತೋಲದಲ್ಲಿದೆ, ಬೆಲ್ಟು ಹದವಾಗಿದೆ, ಬೀಡು ಕಬ್ಬಿಣ ನಡುಕವನ್ನು ನುಂಗಿಕೊಂಡಿದೆ ಎಂದಷ್ಟೇ ಅರ್ಥ. ಮೇಜು ನಡುವೆ ತಗ್ಗಾಗಿದ್ದರೂ ನಾಣ್ಯ ನಿಲ್ಲುತ್ತದೆ. ಬೇರಿಂಗ್ ಸವೆದು ಸಾಯುವ ಹಂತಕ್ಕೆ ಬಂದಿದ್ದರೂ ಕೆಲವೊಮ್ಮೆ ನಿಲ್ಲುತ್ತದೆ.

ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಕೆಟ್ಟರೆ ನಾನೇ ಒಳಗೆ ಕೈ ಹಾಕಿ ಸರಿಮಾಡಬಹುದೇ?

ನನ್ನ ಶೆಡ್ಡಿನಲ್ಲಿರುವ ಬ್ಯಾಂಡ್ ಗರಗಸವನ್ನೇ ನೋಡಿ, ಪಟ್ಟಿಯಂಥ ಅಲಗು ಚಕ್ರಗಳ ಮೇಲೆ ಸುತ್ತುತ್ತಾ ಮರ ಕೊಯ್ಯುವ ಯಂತ್ರ. ಓಹಾಯೋ ರಾಜ್ಯದ ಲೀಟೋನಿಯಾದಲ್ಲಿ ಕ್ರೆಸೆಂಟ್ ಕಂಪನಿ ಮಾಡಿದ್ದು, 36 ಅಂಗುಲದ ಚಕ್ರ. ಸಂಗ್ರಾಹಕರ ನಡುವೆ ಇದಕ್ಕೆ ದೊಡ್ಡ ಮರ್ಯಾದೆ ಇಲ್ಲ. ಎಲ್ಲರಿಗೂ ಬೇಕಾದದ್ದು ಮಿಚಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಆಲಿವರ್, ಇಲ್ಲವೇ ಇಂಗ್ಲೆಂಡಿನ ಲೆಸ್ಟರ್‌ನ ವಾಡ್ಕಿನ್. ಆ ಯಂತ್ರಗಳ ನಯ, ಅಚ್ಚುಕಟ್ಟು ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ರೆಸೆಂಟ್ ನನಗೆ ಕಲಿಸಿದ್ದನ್ನು ಅವು ಕಲಿಸಿಲ್ಲ.

ಇದರ ಚಕ್ರದ ಷಾಫ್ಟು ತಿರುಗುವುದು ಬ್ಯಾಬಿಟ್ ಲೋಹದ ಮೇಲೆ. ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ತವರ, ಆಂಟಿಮನಿ, ತಾಮ್ರ ಸೇರಿದ ಮೆತ್ತನೆಯ ಲೋಹ. ಅಗ್ಗದ ಬಗೆಯಲ್ಲಿ ಸೀಸವೂ ಇರುತ್ತದೆ. ಷಾಫ್ಟು ಉಳಿಯಲಿ, ಸವೆಯುವುದಾದರೆ ಈ ಲೋಹ ಸವೆಯಲಿ ಎಂಬ ಲೆಕ್ಕಾಚಾರ. ಸ್ವಲ್ಪ ಸವೆದರೆ ಮೇಲಿನ ಮುಚ್ಚಳದ ಕೆಳಗಿರುವ ತೆಳುವಾದ ತಗಡನ್ನು ಒಂದೊಂದಾಗಿ ತೆಗೆದು ಬಿಗಿ ಮಾಡಬಹುದು. ಪೂರ್ತಿ ಸವೆದರೆ ಕರಗಿಸಿ ಹೊಸದಾಗಿ ಹೊಯ್ಯಬೇಕು.

ಹೊಯ್ದೆ. ಷಾಫ್ಟಿಗೆ ಮೇಣದ ಬತ್ತಿಯ ಮಸಿ ಹಿಡಿಸಿದೆ, ಲೋಹ ಅಂಟಿಕೊಳ್ಳದಿರಲೆಂದು. ಬೀಡಿನ ಕುಳಿಯನ್ನು ಮೊದಲೇ ಬಿಸಿ ಮಾಡಿದೆ. ಒಳಗೆ ತೇವ ಉಳಿದಿದ್ದರೆ ಕರಗಿದ ಲೋಹ ಮುಖಕ್ಕೇ ಸಿಡಿಯುತ್ತದೆ. ಹದ ನೋಡುವುದಕ್ಕೆ ಪೈನ್ ಮರದ ಒಂದು ಕಡ್ಡಿ. ಲೋಹದಲ್ಲಿ ಅದ್ದಿದರೆ ಕಡ್ಡಿ ಕಪ್ಪಾಗಬೇಕು, ಹೊತ್ತಿಕೊಳ್ಳಬಾರದು. ಬಣ್ಣವೇ ಬದಲಾಗದಿದ್ದರೆ ಇನ್ನೂ ಕಾಯಬೇಕು. ಹೊಯ್ಯಲು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ. ಆಮೇಲೆ ಷಾಫ್ಟಿಗೆ ನೀಲಿ ಬಳಿದು, ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಹೆರೆಯುತ್ತಾ ಕುಳಿತೆ. ಎರಡು ಸಂಜೆ ಅದೇ ಕೆಲಸ. ಸೌಟು, ಒಲೆ, ಹೆರೆಯುವ ಉಳಿ ಇದ್ದವರು ಯಾರು ಬೇಕಾದರೂ ಇಂಥ ಯಂತ್ರವನ್ನು ಎಬ್ಬಿಸಿ ನಿಲ್ಲಿಸಬಹುದು. ಗಾಳಿಯಾಡುವ ಜಾಗ, ಹೊಗೆ ತಡೆಯುವ ಮಾಸ್ಕ್ ಮಾತ್ರ ಮರೆಯಬೇಡಿ, ಸೀಸದ ಹೊಗೆ ಕೆಟ್ಟದ್ದು.

ಇಷ್ಟು ಹೊಗಳಿದ ನಾನೇ ಒಂದು ಹಳೆಯ ವಸ್ತುವನ್ನು ಕಿತ್ತೊಗೆಯಿರಿ ಎನ್ನುತ್ತೇನೆ: ಹಳೆಯ ಜಾಯಿಂಟರ್‌ಗಳ ಚೌಕ ದಿಂಡು. ತೋಪಡದ ಕೆಲಸವನ್ನು ಮೋಟಾರಿನಿಂದ ಮಾಡಿಸುವ ಯಂತ್ರ ಜಾಯಿಂಟರ್. ಅದರಲ್ಲಿ ಅಲಗುಗಳನ್ನು ಕಟ್ಟಿದ ದಿಂಡು ಚೌಕವಾಗಿದ್ದರೆ, ಅದರ ಚಪ್ಪಟೆ ಬದಿ ಮೇಜಿನ ಅಂಚಿಗೆ ಬಂದಾಗಲೆಲ್ಲ ಅಗಲವಾದ ಸಂದು ತೆರೆದುಕೊಳ್ಳುತ್ತದೆ. ಕೈ ಜಾರಿದರೆ ಬೆರಳು ಆ ಸಂದಿನೊಳಕ್ಕೆ ಆಳವಾಗಿ ಹೋಗುತ್ತದೆ. ದುಂಡು ದಿಂಡಿನಲ್ಲಿ ಆ ಸಂದೇ ಇಲ್ಲ. ಗಾಯವಾದರೂ ಅಷ್ಟು ಆಳಕ್ಕೆ ಹೋಗುವುದಿಲ್ಲ. ಕೈಯಿಂದ ಮರ ತಳ್ಳುವ ಇಂಥ ಯಂತ್ರಕ್ಕೆ ದುಂಡು ದಿಂಡೇ ಇರಬೇಕೆಂದು ಬ್ರಿಟನ್ 1922ರಲ್ಲೇ ನಿಯಮ ಮಾಡಿತು. ಇಷ್ಟು ವರ್ಷಗಳ ನಂತರವೂ "ಮೂಲರೂಪ ಕೆಡಬಾರದು" ಎಂದು ಚೌಕ ದಿಂಡನ್ನೇ ಓಡಿಸಿ ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ದಿಂಡನ್ನು ಗೋಡೆಗೆ ತೂಗುಹಾಕಿ, ಮುಂದಿನವರು ನೋಡಲಿ. ಯಂತ್ರಕ್ಕೆ ದುಂಡು ದಿಂಡು ಹಾಕಿಸಿ.

ಮೋಟಾರಿನ ವಿಷಯ ಬೇಗ ಮುಗಿಸುತ್ತೇನೆ. ಕಾರ್ಖಾನೆಯ ಯಂತ್ರಗಳು ಹೆಚ್ಚಾಗಿ ಮೂರು ಫೇಸಿನವು, ಮನೆಗೆ ಬರುವುದು ಒಂದೇ ಫೇಸು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರಲೆಂದು ರಾತ್ರಿಯೆಲ್ಲ ಕಾದವರ ಮನೆಯಿಂದ ಬಂದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಒಂದು ಫೇಸನ್ನು ಮೂರು ಮಾಡಿಕೊಡುವ ಡ್ರೈವ್ ಹಾಕಿಸಿದರೆ ಸಾಕು. ಅಷ್ಟಕ್ಕೇ ಹೆದರಿ ಒಳ್ಳೆಯ ಯಂತ್ರವನ್ನು ಗುಜರಿಗೆ ಬಿಡಬೇಡಿ.

ನಾಣ್ಯದ ಬದಲು ನಾನು ಮಾಡುವ ಪರೀಕ್ಷೆ ತೋರಿಸುತ್ತೇನೆ. ಯಂತ್ರ ಓಡುವಾಗ ಮೋಟಾರಿನ ಸದ್ದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸ್ವಿಚ್ ಆರಿಸಿದ ಮೇಲೆ ಚಕ್ರ ತನ್ನಷ್ಟಕ್ಕೆ ತಿರುಗಿ ನಿಧಾನವಾಗುತ್ತದಲ್ಲ, ಬೇರಿಂಗ್ ಮಾತಾಡುವುದು ಆಗ. ಕೆಟ್ಟದ್ದಾದರೆ ಗರಗರ ಎನ್ನುತ್ತದೆ, ಒಣಗಿದ್ದರೆ ಕಿರುಗುಟ್ಟುತ್ತದೆ. ಇದು ನಾನು ಹೊಯ್ದ ಬ್ಯಾಬಿಟ್. ಮೈಕನ್ನು ಅದರ ಪಕ್ಕಕ್ಕೆ ತರುತ್ತಿದ್ದೇನೆ. ಈಗ ಸ್ವಿಚ್ ಆರಿಸುತ್ತೇನೆ. ಚಕ್ರ ನಿಲ್ಲುವವರೆಗೆ ನಾನು ಮಾತಾಡುವುದಿಲ್ಲ, ನೀವು ಕೇಳಿ.