ಮ್ಯಾಚ್ ಗುಂಡಿ ಒತ್ತುವ ಮುನ್ನ

ನಮಸ್ಕಾರ. ಹಿಂದಿನ ವರ್ಷ ಗಣೇಶನ ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಅರಸೀಕೆರೆ ಕಡೆಯ ಹುಡುಗನೊಬ್ಬ ಹಾಸನದಲ್ಲಿರುವ ನನ್ನ ಪುಟ್ಟ ರೆಕಾರ್ಡಿಂಗ್ ಕೋಣೆಗೆ ಬಂದ. ಹೆಗಲಿಗೆ ಗಿಟಾರ್, ಕೈಯಲ್ಲೊಂದು ಮಲ್ಟಿ ಎಫೆಕ್ಟ್ ಪ್ರೊಸೆಸರ್, ಮೊಬೈಲಿನಲ್ಲೊಂದು ಚಿತ್ರಗೀತೆ. "ಸಾರ್, ಈ ಹಾಡಲ್ಲಿ ಗಿಟಾರ್ ಹೆಂಗೈತೋ ಹಂಗೇ ಬರ್ಬೇಕು, ಒಂಚೂರೂ ಆಕಡೆ ಈಕಡೆ ಆಗ್ಬಾರ್ದು" ಎಂದ.

ಅಂದು ರಾತ್ರಿ ನಾನು ಮಾಡಿದ್ದನ್ನೇ ಇಂದು ಬಹಳ ಮಂದಿ ಮಾಡುತ್ತಿದ್ದಾರೆ. ಹಾಡನ್ನು ಕಂಪ್ಯೂಟರಿಗೆ ಹಾಕಿ, ಅದೇ ತುಣುಕನ್ನು ಅವನಿಂದ ನುಡಿಸಿ ರೆಕಾರ್ಡ್ ಮಾಡಿಕೊಂಡು, ಮ್ಯಾಚ್ ಈಕ್ಯೂ (ಈಕ್ವಲೈಜರ್) ಸಾಫ್ಟ್‌ವೇರಿನ ಗುಂಡಿ ಒತ್ತಿದೆ. ಯಾವ ಫ್ರೀಕ್ವೆನ್ಸಿಯಲ್ಲಿ ಹಾಡಿಗೆ ಎಷ್ಟು ಬಲವಿದೆ, ಇವನ ಗಿಟಾರಿಗೆ ಎಷ್ಟಿದೆ ಎಂದು ಅದು ಅಳೆದು, ನಡುವಿನ ವ್ಯತ್ಯಾಸವನ್ನೇ ಒಂದು ಫಿಲ್ಟರ್ ಮಾಡಿ ಕೊಡುತ್ತದೆ. ಆ ಫಿಲ್ಟರನ್ನು ಐ.ಆರ್. (ಇಂಪಲ್ಸ್ ರೆಸ್ಪಾನ್ಸ್, ಫಿಲ್ಟರಿನ ಅಥವಾ ಸ್ಪೀಕರಿನ ನಾದದ ಅಚ್ಚು) ಫೈಲಾಗಿ ಉಳಿಸಿ ಅವನ ಪ್ರೊಸೆಸರಿಗೆ ತುಂಬಿದೆ. ಮನೆಯವರೆಲ್ಲ ಮಲಗಿದ್ದರಿಂದ ಇಷ್ಟೂ ಕೆಲಸ ಹೆಡ್‌ಫೋನಿನಲ್ಲಿ, ಸಣ್ಣ ದನಿಯಲ್ಲೇ ನಡೆಯಿತು. ಹಾಡಿನದು ಯಾವುದು, ಇವನದು ಯಾವುದು ಎಂದು ಹೇಳಲಾಗದಷ್ಟು ಹತ್ತಿರ ಬಂದಿತ್ತು. ಹಬ್ಬದ ದಿನ ಪೆಂಡಾಲಿನಲ್ಲಿ ಅದೇ ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಒತ್ತಿದಾಗ ದಪ್ಪ ತಂತಿಗಳು ತಮಟೆಯಂತೆ ಗುಮ್ಮೆಂದವು, ತೆಳು ತಂತಿಗಳು ತಗಡಿನ ಮೇಲೆ ಮರಳು ಸುರಿದಂತೆ ಕೇಳಿಸಿದವು, ನಡುವೆ ಇರಬೇಕಾಗಿದ್ದ ಗಿಟಾರ್ ಮಾತ್ರ ಎಲ್ಲಿಯೂ ಇರಲಿಲ್ಲ. ಸೌಂಡ್ ಸಿಸ್ಟಮ್‌ನವರು ಎರಡು ಸಾಲು ಸಹಿಸಿಕೊಂಡು ಮೂರನೆಯದಕ್ಕೆ ಅವನ ಫೇಡರನ್ನು ಕೆಳಗೆಳೆದರು. ತಪ್ಪು ಅವರದಲ್ಲ, ಹುಡುಗನದೂ ಅಲ್ಲ, ನನ್ನದು.

ಅಂದಿನಿಂದ ನನ್ನ ಅಭಿಪ್ರಾಯ ಖಚಿತವಾಗಿದೆ: ಮ್ಯಾಚ್ ಗುಂಡಿಯನ್ನು ಮುಟ್ಟುವುದಾದರೆ ಕಟ್ಟಕಡೆಗೆ ಮುಟ್ಟಬೇಕು, ಮೊದಲು ಹೊಂದಿಸಬೇಕಾದದ್ದು ಗೇನ್, ಅಂದರೆ ಗಿಟಾರಿನ ಸಿಗ್ನಲ್ಲನ್ನು ಆಂಪ್ಲಿಫೈಯರಿನೊಳಗೆ (ಆಂಪಿನೊಳಗೆ) ಎಷ್ಟು ಬಲವಾಗಿ ನೂಕುತ್ತೇವೆ ಎಂಬುದು.

ನಾವು ಕೇಳುವ ಹಾಡಿನಲ್ಲಿ ಗಿಟಾರ್ ಒಂಟಿಯಾಗಿ ಕುಳಿತಿರುವುದಿಲ್ಲ. ಗಿಟಾರಿನ ಅತಿ ದಪ್ಪ ತಂತಿಯ ಮೂಲ ಸ್ವರ ಸುಮಾರು 82 ಹರ್ಟ್ಜ್. ಅದಕ್ಕಿಂತ ಕೆಳಗೆ ಹಾಡಿನಲ್ಲಿ ಇರುವುದೆಲ್ಲ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ಮಿನ ಆಸ್ತಿ. ಬೇಸಿನ ದಪ್ಪ ತಂತಿ 41 ಹರ್ಟ್ಜ್‌ವರೆಗೆ ಇಳಿಯುತ್ತದೆ. ಮೇಲ್ಗಡೆ ನೋಡಿದರೆ, ಗಿಟಾರ್ ಆಂಪಿನ 12 ಇಂಚಿನ ಸ್ಪೀಕರು 5,000 ಹರ್ಟ್ಜ್ ದಾಟಿದ ಮೇಲೆ ಕಡಿದಾಗಿ ಇಳಿದುಬಿಡುತ್ತದೆ, ಆದ್ದರಿಂದ ಅಲ್ಲಿ ಮಿನುಗುವುದು ಹೆಚ್ಚಾಗಿ ಡ್ರಮ್ಮಿನ ಸಿಂಬಲ್ಲು ಮತ್ತು ಗಾಯಕರ ಉಸಿರು. ಸಾಫ್ಟ್‌ವೇರಿಗೆ ಯಾವುದು ಯಾರದು ಎಂದು ಗೊತ್ತಿಲ್ಲ. ಇಡೀ ವಾದ್ಯಮೇಳದ ಭಾರವನ್ನು ಅದು ಆ ಹುಡುಗನ ಆರು ತಂತಿಗಳ ಮೇಲೆ ಹೇರಿತ್ತು. ಈಗ ಹಾಡಿನಿಂದ ವಾದ್ಯಗಳನ್ನು ಬೇರ್ಪಡಿಸುವ ಸಾಫ್ಟ್‌ವೇರುಗಳಿವೆ, 2019ರಲ್ಲಿ ಬಂದ ಸ್ಪ್ಲೀಟರ್ ಉಚಿತವಾಗಿಯೇ ಸಿಗುತ್ತದೆ. ಆದರೆ ಬೇರ್ಪಟ್ಟ ಗಿಟಾರಿನಲ್ಲಿ ಸಿಂಬಲ್ಲಿನ ಚೂರುಗಳು ಅಂಟಿಕೊಂಡೇ ಬರುತ್ತವೆ. ಅದಕ್ಕಿಂತ ಹಾಡಿನಲ್ಲಿ ಗಿಟಾರ್ ಒಂದೇ ಕೇಳಿಸುವ ಎರಡು ಸೆಕೆಂಡನ್ನು ಹುಡುಕಿಕೊಳ್ಳುವುದು ಮೇಲು.

ಇದಕ್ಕಿಂತ ಆಳವಾದ ತೊಡಕು ಡಿಸ್ಟಾರ್ಷನ್ನಿನದು, ಅಂದರೆ ಗೇನ್ ಏರಿದಂತೆ ನಾದ ಒಡೆದು ಒರಟಾಗುವುದರದು. ಈಕ್ಯೂ ಇರುವುದನ್ನು ಹೆಚ್ಚು ಕಡಿಮೆ ಮಾಡುತ್ತದೆಯೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ. ಡಿಸ್ಟಾರ್ಷನ್ ಮಾತ್ರ ತನ್ನೊಳಗೆ ಹೋದ ಸ್ವರಗಳಿಂದ ಮೊದಲಿಲ್ಲದ ಸ್ವರಗಳನ್ನು ಹುಟ್ಟಿಸುತ್ತದೆ, ಮತ್ತು ಏನು ಹುಟ್ಟುತ್ತದೆ ಎಂಬುದು ಒಳಗೆ ಏನು, ಎಷ್ಟು ಜೋರಾಗಿ ಹೋಯಿತು ಎಂಬುದನ್ನು ಅವಲಂಬಿಸಿರುತ್ತದೆ. ದಪ್ಪ ತಂತಿಗಳ ಬೇಸ್ ಅತಿಯಾಗಿ ಒಳಹೊಕ್ಕು ರಾಡಿಯೆದ್ದ ಮೇಲೆ, ಹೊರಗೆ ಬಂದಾಗ ಬೇಸ್ ತಗ್ಗಿಸಿದರೆ ರಾಡಿ ತೆಳುವಾಗುತ್ತದೆಯಷ್ಟೇ, ತಿಳಿಯಾಗುವುದಿಲ್ಲ. ಒಗ್ಗರಣೆ ಸೀದುಹೋದ ಮೇಲೆ ಸಾರಿಗೆ ಎಷ್ಟು ನೀರು ಬೆರೆಸಿದರೂ ಸೀದ ವಾಸನೆ ಉಳಿಯುವಂತೆ. ಹಳೆಯ ರೆಕಾರ್ಡಿಂಗುಗಳಲ್ಲಿ ಅನೇಕರು ಆಂಪಿನ ಮೊದಲು ಟ್ಯೂಬ್ ಸ್ಕ್ರೀಮರ್ ಎಂಬ ಡಿಸ್ಟಾರ್ಷನ್ ಪೆಡಲನ್ನು, ಅದರ ಡ್ರೈವ್ (ಗೇನ್) ಗುಂಡಿಯನ್ನು ಬಹುತೇಕ ಸೊನ್ನೆಯಲ್ಲಿಟ್ಟು ಬಳಸಿದ್ದು ಇದೇ ಕಾರಣಕ್ಕೆ. ಆ ಪೆಡಲು ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಕಡಿಮೆ ಗೇನ್ ಕೊಟ್ಟು, ಆಂಪಿಗೆ ಬಿಗಿಯಾದ ಸಿಗ್ನಲ್ಲನ್ನು ಕಳುಹಿಸುತ್ತದೆ. ಕೊನೆಯಲ್ಲಿ ಕೂರುವ ಮ್ಯಾಚ್ ಫಿಲ್ಟರಿಗೆ ಈ ಕೆಲಸ ಎಂದಿಗೂ ಸಾಧ್ಯವಿಲ್ಲ.

"ಹಾಗಾದರೆ ಕೆಂಪರ್, ನ್ಯೂರಲ್ ಆಂಪ್ ಮಾಡೆಲರ್ ಮುಂತಾದವು ಆಂಪನ್ನೇ ನಕಲು ಮಾಡುತ್ತವಲ್ಲ" ಎಂದು ನೀವು ಕೇಳಬಹುದು. ಮಾಡುತ್ತವೆ, ಚೆನ್ನಾಗಿಯೇ ಮಾಡುತ್ತವೆ. ಏಕೆಂದರೆ ಆಗ ಆಂಪು ಎದುರಿಗಿರುತ್ತದೆ, ಒಳಗೆ ಕಳುಹಿಸಿದ ಸಿಗ್ನಲ್ ಯಾವುದು, ಹೊರಗೆ ಬಂದದ್ದು ಯಾವುದು ಎಂಬ ಎರಡೂ ಕೈಯಲ್ಲಿರುತ್ತವೆ. ಹಾಡಿನಿಂದ ನಮಗೆ ಸಿಗುವುದು ಹೊರಗೆ ಬಂದದ್ದು ಮಾತ್ರ. ಒಳಗೆ ಹೋದದ್ದು ಆ ಕಲಾವಿದನ ಬೆರಳು, ಪಿಕ್, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪು ಮತ್ತು ಯಾರಿಗೂ ಹೊಳೆಯದ ಯಾವುದೋ ಒಂದು ಪೆಟ್ಟಿಗೆ. ಎಸಿ/ಡಿಸಿ ರಾಕ್ ತಂಡ 1980ರಲ್ಲಿ ಬಹಾಮಾಸ್‌ನಲ್ಲಿ ರೆಕಾರ್ಡ್ ಮಾಡಿದ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ಮಿನ ಗಿಟಾರನ್ನು ಜನ ವರ್ಷಗಟ್ಟಲೆ ಮಾರ್ಷಲ್ ಆಂಪಿನಲ್ಲಿಯೇ ಹುಡುಕುತ್ತಿದ್ದರು. ಆದರೆ ತಂಡದ ಗಿಟಾರ್ ವಾದಕ ಆಂಗಸ್ ಯಂಗ್ ಸ್ಟುಡಿಯೋದಲ್ಲಿಯೂ ಶಾಫರ್-ವೇಗಾ ಎಂಬ ವೈರ್‌ಲೆಸ್ ಉಪಕರಣದ ಮೂಲಕ ನುಡಿಸಿದ್ದರು, ಅದರೊಳಗೆ ಸಿಗ್ನಲ್ಲನ್ನು ಅದುಮಿ ಮತ್ತೆ ಹಿಗ್ಗಿಸುವ ಸರ್ಕ್ಯೂಟು ಆಂಪಿಗೆ ತಲುಪುವ ಮೊದಲೇ ನಾದವನ್ನು ಬದಲಿಸುತ್ತಿತ್ತು. ವೇದಿಕೆಯಲ್ಲಿ ತಂತಿ ಕಾಲಿಗೆ ತೊಡರಬಾರದೆಂದು ಕೊಳ್ಳುವ ವಸ್ತುವಿನಲ್ಲಿ ಯಾರು ಟೋನ್ ಹುಡುಕುತ್ತಾರೆ?

ಹಾಸನಾಂಬೆಯ ದರ್ಶನ ಆರಂಭವಾಗುವ ಹೊತ್ತಿಗೆ ಅವನಿಗೆ ಇನ್ನೊಂದು ಕಾರ್ಯಕ್ರಮವಿತ್ತು, ಮತ್ತೆ ಕುಳಿತೆವು. ಈ ಸಲ ಹಾಡಿನ ಎಡ ಚಾನೆಲ್ಲನ್ನು ಮಾತ್ರ ಕೇಳಿಸಿಕೊಂಡೆವು. ಎರಡೂ ಕಿವಿ ತುಂಬುವಂತೆ ಕೇಳಿಸುವ ರಿದಮ್ ಗಿಟಾರ್ ಸಾಮಾನ್ಯವಾಗಿ ಒಂದೇ ಭಾಗವನ್ನು ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಇಟ್ಟದ್ದಾಗಿರುತ್ತದೆ. ಒಂದು ಬದಿಯನ್ನು ಮುಚ್ಚಿದ ಕೂಡಲೇ ಅದರಲ್ಲಿ ನಾವು ಅಂದುಕೊಂಡದ್ದರ ಅರ್ಧದಷ್ಟೂ ಡಿಸ್ಟಾರ್ಷನ್ ಇಲ್ಲವೆಂದು ತಿಳಿಯುತ್ತದೆ. ಅವನ ಗೇನ್ 7ರಲ್ಲಿತ್ತು, 4ಕ್ಕೆ ಬಂತು. ಅವನ ಮುಖ ಸಪ್ಪಗಾಯಿತು. "ಸಾರ್, ಗೇನ್ ಕಮ್ಮಿ ಮಾಡಿದ್ರೆ ಕೈ ತಪ್ಪೆಲ್ಲ ಕೇಳ್ಸುತ್ತಲ್ಲ" ಎಂದ. ಕೇಳಿಸುತ್ತದೆ, ಸುಳ್ಳಲ್ಲ. ಆ ಹಾಡಿನಲ್ಲಿ ನುಡಿಸಿದವರು ಪಿಕ್ಕನ್ನು ಗಿಟಾರಿನ ಬ್ರಿಡ್ಜಿನ (ತಂತಿಗಳ ಕೆಳತುದಿಯನ್ನು ಹೊರುವ ಪಟ್ಟಿಯ) ಹತ್ತಿರ, ಅಂಗೈಯನ್ನು ತಂತಿಯ ಮೇಲೆ ಅರೆಬರೆ ಇಟ್ಟು ಮೀಟುತ್ತಿದ್ದರು. ಇವನು ಪಿಕಪ್ಪುಗಳ ನಡುವೆ ಬೀಸುತ್ತಿದ್ದ. ಎರಡು ಇಂಚು ಹಿಂದೆ ಸರಿದು ಮೀಟಿದ ಮೇಲೆ ಮ್ಯಾಚ್ ಈಕ್ಯೂ ಅಂದು ಎತ್ತಿ ಕೊಟ್ಟಿದ್ದ 2,000 ಹರ್ಟ್ಜ್‌ನ ಉಬ್ಬು ಬೇಕಾಗಲೇ ಇಲ್ಲ.

ಅನಂತರ ಕ್ಯಾಬಿನೆಟ್ಟಿನ (ಸ್ಪೀಕರ್ ಪೆಟ್ಟಿಗೆಯ) ಐ.ಆರ್. ಬದಲಿಸಿದೆವು. ಇದನ್ನು ಈಕ್ಯೂಗಿಂತ ಮೊದಲೇ ಮಾಡಬೇಕು, ಏಕೆಂದರೆ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿಗೆ ಎರಡು ಬೆರಳಷ್ಟು ಸರಿಸಿ ಹಿಡಿದ ಐ.ಆರ್. ತರುವ ವ್ಯತ್ಯಾಸವನ್ನು ಟ್ರೆಬಲ್ ಗುಂಡಿ ತರಲಾರದು. ಕೊನೆಗೆ 100 ಹರ್ಟ್ಜ್‌ಗೆ ಲೋ ಕಟ್, 6,000ಕ್ಕೆ ಹೈ ಕಟ್, ಅಂದರೆ ಅದಕ್ಕಿಂತ ಕೆಳಗಿನದನ್ನೂ ಮೇಲಿನದನ್ನೂ ಕತ್ತರಿಸಿದೆವು. ಪ್ರತಿ ಸಲ ಹೋಲಿಸುವ ಮೊದಲು ಎರಡರ ವಾಲ್ಯೂಮನ್ನೂ ಸಮ ಮಾಡಿಕೊಂಡೆವು. ಒಂದು ಡೆಸಿಬೆಲ್ ಜೋರಾಗಿರುವುದನ್ನೇ ಕಿವಿ ಚೆನ್ನಾಗಿದೆ ಎನ್ನುತ್ತದೆ. ಮುಖ್ಯವಾಗಿ ಈ ಕೆಲಸವನ್ನು ಹಗಲಿನಲ್ಲಿ, ಸ್ಪೀಕರಿನಲ್ಲಿ, ಜೋರಾಗಿ ಮಾಡಿದೆವು. ಸಣ್ಣ ದನಿಯಲ್ಲಿ ಕಿವಿ ಬೇಸನ್ನೂ ಅತಿ ಮೇಲಿನ ಸ್ವರಗಳನ್ನೂ ಕಡಿಮೆ ಗ್ರಹಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಗೆರೆ ಎಳೆದು ತೋರಿಸಿದ್ದಾರೆ. ರಾತ್ರಿ ಹೆಡ್‌ಫೋನಿನಲ್ಲಿ ಕಡಿಮೆಯೆನಿಸಿ ನಾವು ಉಳಿಸಿಕೊಂಡಿದ್ದ ಗುಮ್ಮು, ಚುರ್ರುಗಳೇ ಪೆಂಡಾಲಿನಲ್ಲಿ ಪೂರ್ತಿಯಾಗಿ ಎದ್ದು ನಿಂತಿದ್ದವು. ತಂತಿಗಳನ್ನೂ ಬದಲಿಸಿದೆವು ಎನ್ನಿ. ತುಕ್ಕು ಹಿಡಿದ ಆ ತಂತಿಗಳ ವಯಸ್ಸನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮ್ಯಾಚ್ ಈಕ್ಯೂವನ್ನು ನಾನು ಕಂಪ್ಯೂಟರಿನಿಂದ ತೆಗೆದುಹಾಕಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಅದನ್ನು ತೆರೆದು, ಅದು ಎಳೆಯುವ ಗೆರೆಯನ್ನು ನೋಡುತ್ತೇನೆ. ಎಲ್ಲಿಯಾದರೂ ಮೂರು ಡೆಸಿಬೆಲ್ಲಿಗಿಂತ ಹೆಚ್ಚು ಏರು ತಗ್ಗು ಕಂಡರೆ ಗೇನ್ ಅಥವಾ ಐ.ಆರ್. ತಪ್ಪಿದೆಯೆಂದು ಅರ್ಥಮಾಡಿಕೊಂಡು ಹಿಂದಕ್ಕೆ ಹೋಗುತ್ತೇನೆ, ಅಷ್ಟೆ.

ಆ ಕಾರ್ಯಕ್ರಮದ ದಿನ ನಾನು ಮೈದಾನದ ಕೊನೆಯಲ್ಲಿ, ಚುರುಮುರಿ ಗಾಡಿಯ ಪಕ್ಕ ನಿಂತು ಕೇಳಿದೆ. ಹಾಡಿನೊಂದಿಗೆ ಪಕ್ಕಪಕ್ಕ ಇಟ್ಟರೆ ಬೇರೆಯೆಂದು ಈಗಲೂ ಗೊತ್ತಾಗುತ್ತದೆ, ಆದರೆ ಅಷ್ಟು ದೂರಕ್ಕೂ ಪ್ರತಿಯೊಂದು ಮೀಟೂ ಬಿಡಿಬಿಡಿಯಾಗಿ ತಲುಪುತ್ತಿತ್ತು. ಹುಡುಗ ಮಾತ್ರ ಹಳೆಯ ಪ್ರೀಸೆಟ್ಟನ್ನು ಅಳಿಸಿಲ್ಲ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ನುಡಿಸುವಾಗ ಅದೇ ಚೆನ್ನಾಗಿದೆಯಂತೆ.